ದೂರದ ಬೆಟ್ಟ ಮತ್ತು ಕಾಲೇಜ್ ಫುಟ್‌ಬಾಲ್ ಕೋಚ್ ಕೆಲಸ

ಅಮೆರಿಕದ ಕಾಲೇಜ್ ಫುಟ್‌ಬಾಲ್ ಬಗ್ಗೆ ಹಿಂದೊಮ್ಮೆ ಇಲ್ಲಿ ಒಂದೇ ಒಂದು ಪ್ರಶ್ನೆಗೆ ಉತ್ತರ ಬರೆದಿದ್ದೆ. ಆಮೇಲೆ ಬಂದ ಪತ್ರಗಳನ್ನು ನೋಡಿದರೆ, ಈ ಆಟಕ್ಕಾಗಿ ನಿದ್ದೆಗೆಡುವ ಕನ್ನಡ ಓದುಗರು ಇಷ್ಟೊಂದು ಜನ ಇದ್ದಾರಾ ಅನ್ನಿಸಿತು. ಮುಕ್ಕಾಲು ಪಾಲು ಪತ್ರಗಳು ಕೋಚ್‌ಗಳ ಬಗ್ಗೆಯೇ. ಯಾಕೆ ಬಂದರು, ಯಾಕೆ ಬಿಟ್ಟರು, ಯಾಕೆ ಓಡಿಸಿದರು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ಹೊಸಬರಿಗೆ ಒಂದು ಮಾತು: ಇದು ಗುಂಡು ಚೆಂಡನ್ನು ಒದೆಯುವ ಆಟ ಅಲ್ಲ. ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಅಮೆರಿಕನ್ ಫುಟ್‌ಬಾಲ್.

ಪ್ರಶ್ನೆ: ಕೋಚ್ ಲೇನ್ ಕಿಫಿನ್ 2025ರಲ್ಲಿ ಓಲ್ ಮಿಸ್ ತಂಡಕ್ಕೆ 11 ಗೆಲುವು ತಂದುಕೊಟ್ಟಿದ್ದರು, ಸೋತಿದ್ದು ಒಂದೇ. ಪ್ಲೇಆಫ್ (ಸೀಸನ್ ಕೊನೆಗೆ ರಾಷ್ಟ್ರೀಯ ಪಟ್ಟಕ್ಕೆ ನಡೆಯುವ ನಾಕೌಟ್) ಕಣ್ಣೆದುರೇ ಇತ್ತು. ಅದನ್ನು ಬಿಟ್ಟು ಎಲ್‌ಎಸ್‌ಯುಗೆ (ಲೂಯಿಸಿಯಾನ ಸ್ಟೇಟ್ ವಿಶ್ವವಿದ್ಯಾಲಯ) ಹೋದರಲ್ಲ, ಅವರಿಗೇನು ತಲೆ ಕೆಟ್ಟಿದೆಯಾ?

ಉತ್ತರ: ತಲೆ ಕೆಟ್ಟಿಲ್ಲ, ಲೆಕ್ಕ ಹಾಕಿದ್ದಾರೆ. ಮೊದಲು ನಕ್ಷೆ ನೋಡಿ. ಲೂಯಿಸಿಯಾನ ರಾಜ್ಯದಲ್ಲಿ ದೊಡ್ಡ ಕಾನ್ಫರೆನ್ಸ್‌ನಲ್ಲಿ (ಕಾಲೇಜು ತಂಡಗಳ ಲೀಗ್) ಆಡುವ ತಂಡ ಎಲ್‌ಎಸ್‌ಯು ಒಂದೇ. ಫುಟ್‌ಬಾಲ್ ಹುಚ್ಚಿನ ರಾಜ್ಯ ಅದು. ಹೈಸ್ಕೂಲ್‌ಗಳಿಂದ ಪ್ರತಿ ವರ್ಷ ಒಳ್ಳೊಳ್ಳೆ ಹುಡುಗರು ಹೊರಬರುತ್ತಾರೆ, ಎಷ್ಟೋ ಜನ ಚಿಕ್ಕಂದಿನಿಂದ ಆ ನೇರಳೆ ಜೆರ್ಸಿಯ ಕನಸು ಕಂಡವರೇ. ಪಕ್ಕದ ಮಿಸಿಸಿಪ್ಪಿಯಲ್ಲಿ ಹಾಗಲ್ಲ. ಓಲ್ ಮಿಸ್ ಅಂದರೆ ಮಿಸಿಸಿಪ್ಪಿ ವಿಶ್ವವಿದ್ಯಾಲಯ. ಅದರ ಜೊತೆಗೆ ಮಿಸಿಸಿಪ್ಪಿ ಸ್ಟೇಟ್ ಕೂಡ ಇದೆ, ಎಲ್‌ಎಸ್‌ಯು ಸೇರಿ ಮೂರೂ ಆಡುವುದು ಎಸ್‌ಇಸಿ (ಸೌತ್‌ಈಸ್ಟರ್ನ್) ಕಾನ್ಫರೆನ್ಸ್‌ನಲ್ಲೇ. ಇರೋದೇ ಚಿಕ್ಕ ರಾಜ್ಯ, ಅದರಲ್ಲೂ ಇಬ್ಬರಿಗೆ ಪಾಲು.

ಎರಡನೆಯದು ಇತಿಹಾಸ. ಎಲ್‌ಎಸ್‌ಯುನಲ್ಲಿ ಒಬ್ಬರ ಹಿಂದೆ ಒಬ್ಬರು ಬಂದ ಮೂವರು ಕೋಚ್‌ಗಳೂ ರಾಷ್ಟ್ರೀಯ ಪಟ್ಟ ಗೆದ್ದಿದ್ದಾರೆ. 2003ರಲ್ಲಿ ನಿಕ್ ಸೇಬನ್, 2007ರಲ್ಲಿ ಲೆಸ್ ಮೈಲ್ಸ್, 2019ರಲ್ಲಿ ಎಡ್ ಆರ್ಜರಾನ್. ಮೂವರದೂ ಬೇರೆ ಬೇರೆ ಸ್ವಭಾವ, ಬೇರೆ ಬೇರೆ ಆಟ. ಆದರೂ ಮೂವರೂ ಗೆದ್ದರು ಅಂದರೆ ಕುರ್ಚಿಗೇ ಏನೋ ಬಲ ಇದೆ ಅಂತ ತಾನೇ ಅರ್ಥ? ಓಲ್ ಮಿಸ್ ಎಸ್‌ಇಸಿ ಪಟ್ಟವನ್ನು ಕೊನೆಯ ಸಲ ಗೆದ್ದಿದ್ದು 1963ರಲ್ಲಿ. ಇದರ ಮೇಲೆ ವರ್ಷಕ್ಕೆ ಸುಮಾರು 1.3 ಕೋಟಿ ಡಾಲರ್ ಸಂಬಳ. ಹೋಗದೆ ಇರ್ತಾರಾ?

ಇನ್ನೊಂದು ಮುಖವನ್ನೂ ಹೇಳಿಬಿಡುತ್ತೇನೆ. ಆ ಮೂವರಲ್ಲಿ ಮೈಲ್ಸ್ ಅವರನ್ನು 2016ರಲ್ಲಿ ಸೀಸನ್ ಶುರುವಾಗಿ ನಾಲ್ಕೇ ಪಂದ್ಯಕ್ಕೆ ಕಳಿಸಿದರು. ಆರ್ಜರಾನ್ 2019ರಲ್ಲಿ 15ಕ್ಕೆ 15 ಗೆದ್ದವರು, ಎರಡು ವರ್ಷದಲ್ಲಿ ಅವರಿಗೂ ಬಾಗಿಲು ತೋರಿಸಿದರು. ಆಮೇಲೆ ನೋಟ್ರ್ ಡೇಮ್‌ನಿಂದ ಬ್ರಯಾನ್ ಕೆಲಿಯನ್ನು 10 ವರ್ಷಕ್ಕೆ 9.5 ಕೋಟಿ ಡಾಲರ್ ಒಪ್ಪಂದದಲ್ಲಿ ಕರೆತಂದರು. ಅವರು ಗೆದ್ದಿದ್ದು 34, ಸೋತಿದ್ದು 14. 2025ರ ಅಕ್ಟೋಬರ್‌ನಲ್ಲಿ ಅವರೂ ಮನೆಗೆ. ಅಂದರೆ ಈ ಕೆಲಸ ಕೊಡುವುದೂ ಜಾಸ್ತಿ, ಕೇಳುವುದೂ ಜಾಸ್ತಿ. ಯಾವ ಕೋಚ್ ಕೆಲಸವನ್ನಾದರೂ ನಾನು ಅಳೆಯುವುದು ಇದರಲ್ಲೇ: ಕೈಗೆ ಏನು ಕೊಡುತ್ತಾರೆ, ಬದಲಿಗೆ ಏನು ಕೇಳುತ್ತಾರೆ. ಎರಡರ ನಡುವೆ ಅಂತರ ಎಷ್ಟಿದೆ ಅನ್ನೋದು ಮುಖ್ಯ, ತಂಡದ ಹೆಸರು ಆಮೇಲೆ.

(ಕಿಫಿನ್ ಪ್ಲೇಆಫ್ ಮುಗಿಸಿಕೊಂಡೇ ಹೋಗುತ್ತೇನೆ ಅಂದಿದ್ದರು. ಓಲ್ ಮಿಸ್ ಒಪ್ಪಲಿಲ್ಲ. ಸಹಾಯಕ ಪೀಟ್ ಗೋಲ್ಡಿಂಗ್ ಕೈಗೆ ತಂಡ ಕೊಟ್ಟರು, ಅವರು ಸೆಮಿಫೈನಲ್ ತನಕ ಒಯ್ದರು. ಓದುವಾಗ ನನಗಂತೂ ಒಳಗೊಳಗೇ ಖುಷಿಯಾಯಿತು.)

ಪ್ರಶ್ನೆ: ಸಂಬಳ ಜಾಸ್ತಿ ಇರುವ ಕಡೆ ಒಳ್ಳೆ ಕೆಲಸ. ಅಷ್ಟೇ ಅಲ್ವಾ ಸರ್? ಸುಮ್ನೆ ಯಾಕೆ ಇಷ್ಟು ತಲೆಕೆಡಿಸಿಕೊಳ್ಳೋದು?

ಉತ್ತರ: ಸಂಬಳಕ್ಕಿಂತ ಮುಖ್ಯವಾದ ಸಾಲು ಒಪ್ಪಂದದ ಕೊನೆಯಲ್ಲಿರುತ್ತದೆ. ಕೆಲಸದಿಂದ ತೆಗೆದರೆ ಎಷ್ಟು ಕೊಡಬೇಕು ಅನ್ನುವ ಸಾಲು. ಅದಕ್ಕೆ ಬೈಔಟ್ ಅನ್ನುತ್ತಾರೆ. ಟೆಕ್ಸಸ್ ಎ ಅಂಡ್ ಎಂ 2017ರ ಕೊನೆಯಲ್ಲಿ ಜಿಂಬೊ ಫಿಷರ್ ಅವರನ್ನು 10 ವರ್ಷಕ್ಕೆ 7.5 ಕೋಟಿ ಡಾಲರ್ ಕೊಟ್ಟು ಕರೆತಂದಿತು, ಪೂರ್ತಿ ಗ್ಯಾರಂಟಿ. ಸಾಲದು ಅಂತ 2021ರಲ್ಲಿ ಒಪ್ಪಂದವನ್ನು ಇನ್ನೂ ಬೆಳೆಸಿದರು. 2023ರ ನವೆಂಬರ್‌ನಲ್ಲಿ ತೆಗೆದುಹಾಕಿದಾಗ ಕೊಡಬೇಕಾಗಿ ಬಂದಿದ್ದು ಸುಮಾರು 7.6 ಕೋಟಿ ಡಾಲರ್. ಅವರು ಬೇರೆ ಕಡೆ ಕೆಲಸಕ್ಕೆ ಸೇರಿದರೂ ಇದರಲ್ಲಿ ಒಂದು ಡಾಲರ್ ಕಮ್ಮಿಯಾಗುವುದಿಲ್ಲ. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಅಂತಾರಲ್ಲ, ಹಾಗೆ.

ಪೆನ್ ಸ್ಟೇಟ್‌ನ ಜೇಮ್ಸ್ ಫ್ರಾಂಕ್ಲಿನ್ ಒಪ್ಪಂದ ಬೇರೆ ಥರ ಇತ್ತು. 2025ರ ಅಕ್ಟೋಬರ್‌ನಲ್ಲಿ ತೆಗೆದಾಗ ಬಾಕಿ ಸುಮಾರು 4.9 ಕೋಟಿ ಡಾಲರ್ ಅಂತ ಎಲ್ಲ ಕಡೆ ಸುದ್ದಿ. ಆದರೆ ಅವರು ಬೇರೆ ಕೆಲಸ ಹುಡುಕಿಕೊಳ್ಳಬೇಕು, ಅಲ್ಲಿ ಸಿಗುವ ಸಂಬಳ ಇದರಲ್ಲಿ ಕಳೆಯಬೇಕು ಅನ್ನುವ ಷರತ್ತಿತ್ತು. ಸುಮಾರು ಐದು ವಾರದಲ್ಲಿ ವರ್ಜೀನಿಯಾ ಟೆಕ್ ಅವರನ್ನು ಕರೆದುಕೊಂಡಿತು, ಪೆನ್ ಸ್ಟೇಟ್ 90 ಲಕ್ಷ ಡಾಲರ್‌ಗೆ ಲೆಕ್ಕ ಚುಕ್ತಾ ಮಾಡಿತು. ಒಂದು ಷರತ್ತು ಎಷ್ಟು ಕೋಟಿ ಉಳಿಸಿತು ನೋಡಿ. ಕೋಚ್ ಜಾಗದಲ್ಲಿ ನಿಂತು ನೋಡಿದರೆ ಫಿಷರ್ ಥರದ ಒಪ್ಪಂದ ಕೊಡುವ ಕೆಲಸವೇ ಚೆನ್ನಾಗಿರೋದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಂಥ ಒಪ್ಪಂದ ಬರೆದುಕೊಡುವ ಜನ ಸಾಮಾನ್ಯವಾಗಿ ತಾಳ್ಮೆ ಇಲ್ಲದ ಜನ. ದುಡ್ಡಿದೆ, ಹಾಗಾಗಿ ತೆಗೆಯೋಕೂ ಹಿಂದೆಮುಂದೆ ನೋಡಲ್ಲ.

ಪ್ರಶ್ನೆ: ಕೋಚ್‌ಗೆ ಬಾಸ್ ಯಾರು? ಅಥ್ಲೆಟಿಕ್ ಡೈರೆಕ್ಟರ್ ತಾನೇ?

ಉತ್ತರ: ಕಾಗದದ ಮೇಲೆ ಹೌದು, ಕಾಲೇಜಿನ ಎಲ್ಲ ಆಟಗಳನ್ನೂ ನೋಡಿಕೊಳ್ಳುವವರು ಅವರೇ. ನಿಜ ಏನು ಅಂತ ಒಂದು ಕಥೆ ಹೇಳ್ತೀನಿ.

2003ರ ನವೆಂಬರ್. ಆಬರ್ನ್ ತಂಡದ ಕೋಚ್ ಟಾಮಿ ಟ್ಯೂಬರ್‌ವಿಲ್. ಆಬರ್ನ್ ಇರುವುದು ಅಲಬಾಮಾ ರಾಜ್ಯದಲ್ಲಿ, ಅಲಬಾಮಾ ವಿಶ್ವವಿದ್ಯಾಲಯದ ತಂಡವೇ ಅವರ ಬದ್ಧ ವೈರಿ, ಆ ಪಂದ್ಯಕ್ಕೆ ಇನ್ನೆರಡೇ ದಿನ. ಆಗ ವಿಶ್ವವಿದ್ಯಾಲಯದ ಅಧ್ಯಕ್ಷರು, ಅಥ್ಲೆಟಿಕ್ ಡೈರೆಕ್ಟರ್ ಮತ್ತು ಟ್ರಸ್ಟಿಗಳು ಖಾಸಗಿ ವಿಮಾನ ಹತ್ತಿ ಗುಟ್ಟಾಗಿ ಹಾರಿದರು. ಎಲ್ಲಿಗೆ? ಲೂಯಿವಿಲ್ ಕೋಚ್ ಬಾಬಿ ಪೆಟ್ರಿನೊ ಹತ್ತಿರ, ನಮ್ಮಲ್ಲಿಗೆ ಬರ್ತೀಯಾ ಅಂತ ಕೇಳೋದಕ್ಕೆ! ಟ್ಯೂಬರ್‌ವಿಲ್ ಅದೇ ಹೊತ್ತಿನಲ್ಲಿ ಅಲಬಾಮಾ ಪಂದ್ಯಕ್ಕೆ ಹುಡುಗರನ್ನು ತಯಾರು ಮಾಡುತ್ತಿದ್ದಾರೆ. ಪಂದ್ಯ ಗೆದ್ದರು. ವಿಮಾನದ ಗುಟ್ಟು ಹೊರಬಿತ್ತು. ಜನ ಬೈದ ರೀತಿಗೆ ಹೆದರಿ ಅವರನ್ನೇ ಉಳಿಸಿಕೊಂಡರು, ಮುಂದಿನ ವರ್ಷ ಅವರು 13ಕ್ಕೆ 13 ಗೆದ್ದರು. ಆ ಮನುಷ್ಯ ಆಮೇಲೆ ಅದೇ ರಾಜ್ಯದಿಂದ ಸೆನೆಟರ್ ಆದರು ಅನ್ನೋದು ಬೇರೆ ವಿಷಯ. ಆ ಕೆಲಸ ಮಾಡಿದ ಮೇಲೆ ರಾಜಕೀಯ ಸುಲಭ ಅನ್ನಿಸಿರಬೇಕು.

ಇದೇ ಆಬರ್ನ್‌ನಲ್ಲಿ ಜೀನ್ ಚಿಜಿಕ್ 2010ರಲ್ಲಿ ರಾಷ್ಟ್ರೀಯ ಪಟ್ಟ ಗೆದ್ದು 2012ರಲ್ಲಿ ಕೆಲಸ ಕಳೆದುಕೊಂಡರು. ದುಡ್ಡಿದೆ, ಅಭಿಮಾನಿಗಳಿದ್ದಾರೆ, ಜಾರ್ಜಿಯಾ ಗಡಿ ಪಕ್ಕದಲ್ಲೇ ಇರುವುದರಿಂದ ಹುಡುಗರೂ ಸಿಗ್ತಾರೆ. ಆದರೆ ಅಡುಗೆಮನೆ ತುಂಬ ಯಜಮಾನರು. ದೇಣಿಗೆ ಕೊಡುವ ಶ್ರೀಮಂತರಿಗೆ ಅಲ್ಲಿ ಬೂಸ್ಟರ್ ಅನ್ನುತ್ತಾರೆ. ಚೆಕ್ ಬರೆಯುವ ಕೈ ಫೋನನ್ನೂ ಎತ್ತುತ್ತದೆ, ಯಾವ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ತಂಡದ ಆಟ ನಡೆಸುವ ಆಟಗಾರ) ಆಡಬೇಕು ಅಂತಲೂ ಹೇಳುತ್ತದೆ.

ಎಲ್‌ಎಸ್‌ಯು ವಿಷಯಕ್ಕೇ ಮತ್ತೆ ಬಂದರೆ, ಕೆಲಿಯನ್ನು ತೆಗೆದ ಕೆಲವೇ ದಿನಕ್ಕೆ ಲೂಯಿಸಿಯಾನ ಗವರ್ನರ್ ಜೆಫ್ ಲ್ಯಾಂಡ್ರಿ ಪತ್ರಕರ್ತರ ಮುಂದೆ ನಿಂತು, ಮುಂದಿನ ಕೋಚ್‌ನನ್ನು ಅಥ್ಲೆಟಿಕ್ ಡೈರೆಕ್ಟರ್ ಸ್ಕಾಟ್ ವುಡ್‌ವರ್ಡ್ ಆರಿಸೋದಿಲ್ಲ ಅಂದರು. ಮಾರನೆ ದಿನವೇ ವುಡ್‌ವರ್ಡ್ ಹೊರಗೆ. ಟೆಕ್ಸಸ್ ಎ ಅಂಡ್ ಎಂನಲ್ಲಿ ಫಿಷರ್ ಒಪ್ಪಂದದ ಕಾಲಕ್ಕೆ ಅಥ್ಲೆಟಿಕ್ ಡೈರೆಕ್ಟರ್ ಆಗಿದ್ದವರು ಇದೇ ವುಡ್‌ವರ್ಡ್, ಹಾಗಾಗಿ ಗವರ್ನರ್ ಸಿಟ್ಟಿಗೆ ಅರ್ಥ ಇಲ್ಲ ಅಂತಲ್ಲ. ಆದರೂ ನಾನು ಕೋಚ್ ಆಗಿದ್ದರೆ ಸಂಬಳ ಕೇಳೋಕೆ ಮುಂಚೆ ಕೇಳುತ್ತಿದ್ದ ಪ್ರಶ್ನೆ ಒಂದೇ: ನಾನು ಎಷ್ಟು ಜನರ ಫೋನ್ ಎತ್ತಬೇಕು?

ಪ್ರಶ್ನೆ: ನೆಬ್ರಾಸ್ಕಾಗೆ ಅಷ್ಟು ಅಭಿಮಾನಿಗಳು, ಐದು ರಾಷ್ಟ್ರೀಯ ಪಟ್ಟ. ಆದರೂ ಯಾಕೆ ಮೇಲೆ ಬರ್ತಿಲ್ಲ? ಅದು ಒಳ್ಳೆ ಕೆಲಸವೇ ಅಲ್ವಾ?

ಉತ್ತರ: ಈ ಪ್ರಶ್ನೆ ಕೇಳಿದ್ದಕ್ಕೆ ಥ್ಯಾಂಕ್ಸ್. ಅಂತರ ಅಂದೆನಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಇಲ್ಲ. 1962ರಿಂದ ಈವತ್ತಿನವರೆಗೆ ನೆಬ್ರಾಸ್ಕಾದ ಸ್ಟೇಡಿಯಂನಲ್ಲಿ ಪ್ರತಿ ಪಂದ್ಯದ ಟಿಕೆಟ್ ಪೂರ್ತಿ ಮಾರಾಟ. ಪಂದ್ಯದ ದಿನ ಸ್ಟೇಡಿಯಂ ಒಳಗಿರುವ ಜನರನ್ನು ಒಂದು ಊರು ಅಂತ ಲೆಕ್ಕ ಹಾಕಿದರೆ, ಅದು ಆ ರಾಜ್ಯದ ಮೂರನೇ ದೊಡ್ಡ ಊರು. ಅಷ್ಟು ಪ್ರೀತಿ.

ಆದರೆ ಇಡೀ ರಾಜ್ಯದ ಜನಸಂಖ್ಯೆ ಸುಮಾರು 20 ಲಕ್ಷ. ಎತ್ತರ, ತೂಕ, ವೇಗ ಮೂರೂ ಇರುವ ಹುಡುಗರು ಅಲ್ಲಿ ವರ್ಷಕ್ಕೆ ಬೆರಳೆಣಿಕೆ. ಟೆಕ್ಸಸ್‌ಗೋ ಫ್ಲೋರಿಡಾಗೋ ಕ್ಯಾಲಿಫೋರ್ನಿಯಾಗೋ ಹೋಗಿ, ಅಲ್ಲಿನ ತಂಡಗಳ ಬಾಯಿಂದ ಹುಡುಗರನ್ನು ಕಿತ್ತು ತರಬೇಕು. ಅಮ್ಮನ ಮನೆಯಿಂದ ವಿಮಾನ ಹತ್ತಿ ಬಂದು ಚಳಿಯಲ್ಲಿ ಆಡು ಅಂತ 17 ವರ್ಷದ ಹುಡುಗನಿಗೆ ಹೇಳಬೇಕು. 1970, 71, 94, 95, 97ರಲ್ಲಿ ಪಟ್ಟ ಗೆದ್ದಾಗ ಅವರು ಇದನ್ನು ಮಾಡಿ ತೋರಿಸಿದ್ದರು ನಿಜ. ಆಗ ಟಿವಿಯಲ್ಲಿ ಕಾಣುತ್ತಿದ್ದ ತಂಡಗಳೇ ಕಮ್ಮಿ, ನೆಬ್ರಾಸ್ಕಾ ಅದರಲ್ಲಿ ಒಂದು. ಈಗ ಎಲ್ಲರೂ ಟಿವಿಯಲ್ಲಿ ಬರ್ತಾರೆ.

ಕೊಡುವುದು ಕಮ್ಮಿಯಾಯಿತು, ಕೇಳುವುದು ಕಮ್ಮಿಯಾಗಲಿಲ್ಲ. 2003ರಲ್ಲಿ 9 ಗೆದ್ದು 3 ಸೋತಿದ್ದ ಫ್ರಾಂಕ್ ಸೋಲಿಚ್‌ರನ್ನು ತೆಗೆದರು. 2014ರಲ್ಲಿ ಅದೇ 9-3ಕ್ಕೆ ಬೊ ಪೆಲಿನಿಯನ್ನು ತೆಗೆದರು. ಪೆಲಿನಿ ಅಲ್ಲಿದ್ದ ಒಂದು ವರ್ಷವೂ 9ಕ್ಕಿಂತ ಕಮ್ಮಿ ಗೆದ್ದವರಲ್ಲ. ಆಮೇಲೆ ನಡುವೆ ಒಬ್ಬರು ಬಂದು ಹೋದ ಮೇಲೆ ಮನೆಮಗನನ್ನೇ ಕರೆತಂದರು, 1997ರ ಪಟ್ಟದ ಕ್ವಾರ್ಟರ್‌ಬ್ಯಾಕ್ ಸ್ಕಾಟ್ ಫ್ರಾಸ್ಟ್. ಊರಿಗೆ ಊರೇ ಕುಣಿಯಿತು. ಅವರು ಗೆದ್ದಿದ್ದು 16, ಸೋತಿದ್ದು 31. 2022ರ ಸೆಪ್ಟೆಂಬರ್‌ನಲ್ಲಿ ಜಾರ್ಜಿಯಾ ಸದರ್ನ್ ವಿರುದ್ಧ ಸ್ವಂತ ಮೈದಾನದಲ್ಲಿ ಸೋತ ಮಾರನೆ ದಿನ ತೆಗೆದರು. ಅಕ್ಟೋಬರ್ 1ರ ತನಕ ಕಾದಿದ್ದರೆ ಬೈಔಟ್ 1.5 ಕೋಟಿ ಡಾಲರ್‌ನಿಂದ 75 ಲಕ್ಷಕ್ಕೆ ಇಳಿಯುತ್ತಿತ್ತು. ಮೂರು ವಾರ! ಆ ಮೂರು ವಾರವನ್ನೂ ತಡೆದುಕೊಳ್ಳೋಕೆ ಆಗಲಿಲ್ಲ ಅಂದರೆ ಆ ಊರಿನ ಹೊಟ್ಟೆಯುರಿ ಎಷ್ಟಿತ್ತು ಅಂತ ನೀವೇ ಊಹಿಸಿ.

ಒಂದು ಮಾತು ಸೇರಿಸಬೇಕು. ಈಗ ಈ ಲೆಕ್ಕ ಸ್ವಲ್ಪ ಬದಲಾಗುತ್ತಿದೆ. 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರು, ಮುಖದಿಂದ ದುಡ್ಡು ಮಾಡಬಹುದು. 2025-26ರಿಂದ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಂಚಬಹುದು, ಎಲ್ಲ ಆಟಗಳೂ ಸೇರಿ ಮೊದಲ ವರ್ಷಕ್ಕೆ ಸುಮಾರು 2.05 ಕೋಟಿ ಡಾಲರ್ ತನಕ. ಟ್ರಾನ್ಸ್‌ಫರ್ ಪೋರ್ಟಲ್ (ತಂಡ ಬಿಡಬೇಕು ಅನ್ನುವವರು ಹೆಸರು ಬರೆಸುವ ಪಟ್ಟಿ) ಮೂಲಕ ತಂಡ ಬದಲಿಸೋದೂ ಸುಲಭ. ಹಾಗಾಗಿ ಹುಡುಗರು ಪಕ್ಕದಲ್ಲೇ ಹುಟ್ಟಬೇಕಿಲ್ಲ, ದುಡ್ಡು ಪಕ್ಕದಲ್ಲಿದ್ದರೆ ಸಾಕು. ನಕ್ಷೆಯ ದೂರ ಪೂರ್ತಿ ಅಳಿಸಿಹೋಗಿದೆ ಅಂತ ನಾನು ಹೇಳಲ್ಲ, ಆದರೆ ಹತ್ತು ವರ್ಷದ ಹಿಂದಿನ ಪಟ್ಟಿ ಹಿಡಿದುಕೊಂಡು ಇದು ಒಳ್ಳೆ ಕೆಲಸ, ಇದು ಕೆಟ್ಟ ಕೆಲಸ ಅನ್ನುವವರು ಒಂದು ಸಲ ಮತ್ತೆ ನೋಡಿದರೆ ಒಳ್ಳೆಯದು.

ಪ್ರಶ್ನೆ: ಒಂದು ಲಕ್ಷ ಜನ ಕೂರುವ ಸ್ಟೇಡಿಯಂ ಇದ್ದರೆ ಕೆಲಸ ತಾನಾಗೇ ದೊಡ್ಡದಲ್ವಾ?

ಉತ್ತರ: ಮಿಶಿಗನ್‌ನಲ್ಲಿ 1,07,601 ಸೀಟು. ಗೆದ್ದರೆ ಅಷ್ಟೂ ಜನ ಚಪ್ಪಾಳೆ, ಸೋತರೆ ಅಷ್ಟೂ ಜನ ಬೈಗುಳ. ಮುಂದಿನ ಪತ್ರ.

ಪ್ರಶ್ನೆ: ನಿಕ್ ಸೇಬನ್ ಬಿಟ್ಟ ಮೇಲೆ ಅಲಬಾಮಾ ಕೆಲಸ ದೇಶದಲ್ಲೇ ನಂಬರ್ ಒನ್ ಅಂತ ಎಲ್ಲರೂ ಅಂದರು. ನಿಮ್ಮ ಅಭಿಪ್ರಾಯ?

ಉತ್ತರ: ಕುರ್ಚಿ ನಂಬರ್ ಒನ್ ಇರಬಹುದು, ಆ ಕುರ್ಚಿಯಲ್ಲಿ ಎರಡನೆಯವನಾಗಿ ಕೂರುವುದು ಮಾತ್ರ ಬೇಡ. ಸೇಬನ್ 2007ರಿಂದ 2023ರ ತನಕ ಅಲ್ಲಿ ಆರು ರಾಷ್ಟ್ರೀಯ ಪಟ್ಟ ಗೆದ್ದರು. 2024ರ ಜನವರಿಯಲ್ಲಿ ವಾಷಿಂಗ್ಟನ್‌ನಿಂದ ಕೇಲನ್ ಡಿಬೋರ್ ಬಂದರು. ಮೊದಲ ವರ್ಷ 9 ಗೆಲುವು, 4 ಸೋಲು. ಬೇರೆ ಎಷ್ಟೋ ಕಡೆ ಇದಕ್ಕೆ ಹಾರ ಹಾಕುತ್ತಾರೆ. ಆ ನಾಲ್ಕರಲ್ಲಿ ಒಂದು ಸೋಲು ವ್ಯಾಂಡರ್‌ಬಿಲ್ಟ್ ವಿರುದ್ಧ, 40-35. ವ್ಯಾಂಡರ್‌ಬಿಲ್ಟ್ ಓದಿಗೆ ಹೆಸರಾದ ಕಾಲೇಜು, ಫುಟ್‌ಬಾಲ್‌ಗಲ್ಲ. ಅದರ ಹುಡುಗರು ಖುಷಿಗೆ ಗೋಲ್‌ಪೋಸ್ಟ್ ಕಿತ್ತು, ನ್ಯಾಶ್‌ವಿಲ್ ಬೀದಿಗಳಲ್ಲಿ ಹೆಗಲ ಮೇಲೆ ಮೆರವಣಿಗೆ ಮಾಡಿ ಕಂಬರ್ಲೆಂಡ್ ನದಿಗೆ ಎಸೆದರು!

ಅಲಬಾಮಾಕ್ಕೆ ಇದು ಹೊಸದಲ್ಲ. ಆರು ಪಟ್ಟ ಗೆದ್ದ ಬೇರ್ ಬ್ರಯಂಟ್ 1982ರಲ್ಲಿ ನಿವೃತ್ತರಾದರು. ಅವರ ನಂತರದ ಎರಡನೇ ಕೋಚ್ ಬಿಲ್ ಕರಿ ಮೂರು ವರ್ಷದಲ್ಲಿ 26 ಗೆದ್ದು 10 ಸೋತರು. ಒಂದು ಸೋಲಿನ ನಂತರ ಯಾರೋ ಅವರ ಆಫೀಸಿನ ಕಿಟಕಿಗೆ ಇಟ್ಟಿಗೆ ಎಸೆದಿದ್ದರು. ಮೂರನೇ ವರ್ಷ 10 ಗೆದ್ದು ಕೂಡ ಅವರು ತಾವಾಗೇ ಕೆಂಟಕಿಗೆ ಹೋಗಿಬಿಟ್ಟರು. ಕೆಂಟಕಿ ಫುಟ್‌ಬಾಲ್‌ಗಿಂತ ಬಾಸ್ಕೆಟ್‌ಬಾಲ್‌ಗೆ ಹೆಸರಾದ ಜಾಗ. ಅಲ್ಲಿ ಇಟ್ಟಿಗೆ ಬೀಳಲ್ಲ.

ಇನ್ನೊಂದು ಮರೆತುಹೋದ ಸಂಗತಿ. 2006ರ ಡಿಸೆಂಬರ್‌ನಲ್ಲಿ ಇದೇ ಅಲಬಾಮಾ ಕೆಲಸವನ್ನು ವೆಸ್ಟ್ ವರ್ಜೀನಿಯಾದ ರಿಚ್ ರಾಡ್ರಿಗಜ್ ಬೇಡ ಅಂದಿದ್ದರು. ಅವರು ಬೇಡ ಅಂದಿದ್ದಕ್ಕೇ ಸೇಬನ್ ಬಂದಿದ್ದು. ಆಗ ಅಲಬಾಮಾದಲ್ಲಿ ಕಳೆದ ಹತ್ತು ವರ್ಷ ಬರೀ ತಾಪತ್ರಯ, ಯಾರೂ ಅದನ್ನು ನಂಬರ್ ಒನ್ ಅನ್ನುತ್ತಿರಲಿಲ್ಲ.

ಪ್ರಶ್ನೆ: ಮುಖ್ಯ ಕೋಚ್ ಆಗಿದ್ದವರು ಆ ಹುದ್ದೆ ಬಿಟ್ಟು ಸಹಾಯಕರಾಗಿ ಹೋಗೋದು ಉಂಟಾ?

ಉತ್ತರ: ಉಂಟು. ಚಿಪ್ ಕೆಲಿ 2024ರ ಫೆಬ್ರವರಿಯಲ್ಲಿ ಯುಸಿಎಲ್‌ಎ ಮುಖ್ಯ ಕೋಚ್ ಹುದ್ದೆ ಬಿಟ್ಟು ಓಹಾಯೊ ಸ್ಟೇಟ್‌ನಲ್ಲಿ ಆಕ್ರಮಣ ವಿಭಾಗದ ಸಹಾಯಕರಾದರು. ಯುಸಿಎಲ್‌ಎಗೆ ಲಾಸ್ ಏಂಜಲಿಸ್ ಇದೆ, ಬಿಸಿಲಿದೆ, ಹೆಸರಿದೆ. ಆದರೆ ಕ್ಯಾಂಪಸ್‌ನಲ್ಲಿ ಸ್ವಂತ ಸ್ಟೇಡಿಯಂ ಇರಲಿಲ್ಲ, ಪಂದ್ಯಕ್ಕೆ ಸುಮಾರು 40 ಕಿಲೋಮೀಟರ್ ದೂರದ ರೋಸ್ ಬೌಲ್‌ಗೆ ಹೋಗಬೇಕಿತ್ತು. ಜೊತೆಗೆ ಈಗಿನ ಮುಖ್ಯ ಕೋಚ್ ಅಂದರೆ ಅರ್ಧ ಹೊತ್ತು ದೇಣಿಗೆ ಕೇಳೋದು, ಇನ್ನರ್ಧ ಹೊತ್ತು ಹುಡುಗರು ಬಿಟ್ಟುಹೋಗದ ಹಾಗೆ ನೋಡಿಕೊಳ್ಳೋದು. ಆಟದ ತಂತ್ರ ಹೆಣೆಯೋದು ಮಾತ್ರ ಇಷ್ಟ ಅನ್ನುವವನಿಗೆ ಸಹಾಯಕ ಹುದ್ದೆಯೇ ಆರಾಮ. ಅದೇ ಸೀಸನ್‌ನಲ್ಲಿ ಓಹಾಯೊ ಸ್ಟೇಟ್ ಪಟ್ಟ ಗೆದ್ದಿತು.

ಪ್ರಶ್ನೆ: ಹಾಗಾದರೆ ಯಾರಿಗೂ ಬೇಡವಾದ ಕೆಲಸವನ್ನು ತಗೊಳ್ಳೋದೇ ಜಾಣತನವಾ? ಇಂಡಿಯಾನ ಉದಾಹರಣೆ ಇದೆಯಲ್ಲ.

ಉತ್ತರ: ಇಂಡಿಯಾನ ಉದಾಹರಣೆ ನೋಡಿ ಎಲ್ಲರೂ ಹಾಗೆ ಮಾಡಹೊರಟರೆ ಕಷ್ಟ. ಕರ್ಟ್ ಸಿಗ್ನೆಟಿ 2023ರ ಕೊನೆಯಲ್ಲಿ ಬಂದಾಗ ಇಂಡಿಯಾನ ಆ ವರ್ಷ 3 ಗೆದ್ದು 9 ಸೋತಿದ್ದ ತಂಡ, ದೊಡ್ಡ ಕಾಲೇಜುಗಳ ಪೈಕಿ ಇತಿಹಾಸದಲ್ಲೇ ಅತಿ ಹೆಚ್ಚು ಸೋತ ತಂಡ ಅನ್ನುವ ಹಣೆಪಟ್ಟಿ ಬೇರೆ. 2024ರಲ್ಲಿ 11 ಗೆಲುವು. 2025ರ ಸೀಸನ್‌ನಲ್ಲಿ 16ಕ್ಕೆ 16, ಫೈನಲ್‌ನಲ್ಲಿ ಮಯಾಮಿಯನ್ನು 27-21ರಿಂದ ಸೋಲಿಸಿ ರಾಷ್ಟ್ರೀಯ ಪಟ್ಟ. ನಾನು ಇದನ್ನು ಬರೆಯುವಾಗಲೂ ಒಂದು ಸಲ ಕಣ್ಣುಜ್ಜಿಕೊಂಡೆ.

ಆದರೆ ಅವರ ಹಿಂದಿನ ದಾರಿ ನೋಡಿ. ಅಲಬಾಮಾದಲ್ಲಿ ಸೇಬನ್ ಕೈಕೆಳಗೆ ನಾಲ್ಕು ವರ್ಷ ಇದ್ದವರು. ಅಲ್ಲಿಂದ 2011ರಲ್ಲಿ ಸಂಬಳ ಕಮ್ಮಿ ಮಾಡಿಕೊಂಡು ಪೆನ್ಸಿಲ್ವೇನಿಯಾದ ಒಂದು ಚಿಕ್ಕ ಕಾಲೇಜಿಗೆ ಮುಖ್ಯ ಕೋಚ್ ಆಗಿ ಹೋದರು, ಅವರ ಅಪ್ಪ ಕೂಡ ಕೋಚ್ ಆಗಿದ್ದ ಜಾಗ. ಆ ಕಾಲೇಜಿನ ಹೆಸರಲ್ಲೂ ಇಂಡಿಯಾನ ಇದೆ, ತಮಾಷೆ ಏನಂದರೆ ಎರಡಕ್ಕೂ ಸಂಬಂಧವೇ ಇಲ್ಲ. ಆಮೇಲೆ ಈಲಾನ್, ಆಮೇಲೆ ಜೇಮ್ಸ್ ಮ್ಯಾಡಿಸನ್. ಹೋದಲ್ಲೆಲ್ಲ ಗೆದ್ದರು. ಇಂಡಿಯಾನಕ್ಕೆ ಬರುವಾಗ ಜೇಮ್ಸ್ ಮ್ಯಾಡಿಸನ್‌ನಿಂದ ಹತ್ತಕ್ಕೂ ಹೆಚ್ಚು ಆಟಗಾರರನ್ನು ಜೊತೆಗೇ ಕರೆತಂದರು. ಇದು ಪೋರ್ಟಲ್ ಇಲ್ಲದ ಕಾಲದಲ್ಲಿ ಆಗದ ಮಾತು. ಬಿಗ್ ಟೆನ್ ಕಾನ್ಫರೆನ್ಸ್‌ನ ಟಿವಿ ದುಡ್ಡು ಇಂಡಿಯಾನಕ್ಕೂ ಬರುತ್ತದೆ. 2022ರಲ್ಲಿ ಆದ ಆ ಒಪ್ಪಂದ ಏಳು ವರ್ಷಕ್ಕೆ ಸುಮಾರು 700 ಕೋಟಿ ಡಾಲರ್‌ನದು. ಅಂದರೆ ಹೊರಗಿನಿಂದ ಬಡವರ ಮನೆ ಥರ ಕಂಡರೂ ಪೆಟ್ಟಿಗೆಯಲ್ಲಿ ದುಡ್ಡಿತ್ತು, ಕೇಳುವವರು ಮಾತ್ರ ಯಾರೂ ಇರಲಿಲ್ಲ. ಎಂಟು ಗೆದ್ದಿದ್ದರೂ ಹೊತ್ತು ಮೆರೆಸುತ್ತಿದ್ದರು. ಇನ್ನು ಮುಂದೆ ಎಂಟು ಗೆದ್ದರೆ ಏನಂತಾರೆ ಅನ್ನೋದು ನೋಡಬೇಕು.

ಪ್ರಶ್ನೆ: ಕೊನೆಗೆ ನೇರವಾಗಿ ಹೇಳಿ. ನಿಮಗೇ ಕೊಟ್ಟರೆ ಯಾವ ತಂಡದ ಕೆಲಸ ಒಪ್ಪಿಕೊಳ್ತೀರಿ?

ಉತ್ತರ: ಓಹಾಯೊ ಸ್ಟೇಟ್. ಹುಡುಗರು ಹುಟ್ಟುವ ರಾಜ್ಯ, ಅದರೊಳಗೆ ಸರಿಸಾಟಿ ತಂಡ ಇಲ್ಲ. ದುಡ್ಡಿಗೆ ಬರ ಇಲ್ಲ. ಮೇಲಿನವರು ಕೋಚ್‌ಗಳನ್ನು ಅಂಗಿ ಬದಲಿಸಿದ ಹಾಗೆ ಬದಲಿಸುವ ಪೈಕಿ ಅಲ್ಲ. 2002ರಲ್ಲಿ ಜಿಮ್ ಟ್ರೆಸೆಲ್, 2014ರಲ್ಲಿ ಅರ್ಬನ್ ಮೇಯರ್, 2024ರಲ್ಲಿ ರಯಾನ್ ಡೇ, ಮೂವರ ಕೈಯಲ್ಲೂ ಪಟ್ಟ ಬಂದಿದೆ. ಇಷ್ಟು ಕೊಟ್ಟು ಅವರು ಕೇಳುವುದು ಮುಖ್ಯವಾಗಿ ಒಂದೇ: ಮಿಶಿಗನ್‌ನನ್ನು ಸೋಲಿಸು. ಪಕ್ಕದ ರಾಜ್ಯದ ಬದ್ಧ ವೈರಿ ಅದು, ಪಂದ್ಯ ಇರೋದು ನವೆಂಬರ್ ಕೊನೆಯ ಶನಿವಾರ.

ಜಾನ್ ಕೂಪರ್ ಅಂತ ಒಬ್ಬರಿದ್ದರು. ಅಲ್ಲಿ 111 ಪಂದ್ಯ ಗೆದ್ದರು. ಮಿಶಿಗನ್ ವಿರುದ್ಧ 13 ವರ್ಷದಲ್ಲಿ ಗೆದ್ದಿದ್ದು ಎರಡೇ. 2000ದ ಸೀಸನ್ ಮುಗಿದ ಮೇಲೆ ಕಳಿಸಿಕೊಟ್ಟರು. ರಯಾನ್ ಡೇ 2024ರಲ್ಲಿ ಸ್ವಂತ ಮೈದಾನದಲ್ಲಿ 13-10ರಿಂದ ಮಿಶಿಗನ್‌ಗೆ ಸತತ ನಾಲ್ಕನೇ ಸಲ ಸೋತಾಗ, ಕೆಲಸದಿಂದ ತೆಗೀರಿ ಅನ್ನುವ ಕೂಗು ಎದ್ದಿತ್ತು. ಅಲ್ಲಿಂದ ಪ್ಲೇಆಫ್‌ನಲ್ಲಿ ನಾಲ್ಕಕ್ಕೆ ನಾಲ್ಕೂ ಗೆದ್ದು ಪಟ್ಟ ತಂದ ಮೇಲೆ ಬಾಯಿ ಮುಚ್ಚಿಕೊಂಡರು.

ಹಾಗಾಗಿ ನನ್ನದು ಒಂದೇ ಷರತ್ತು. ವರ್ಷವಿಡೀ ದುಡಿಯುತ್ತೇನೆ, ದೇಣಿಗೆ ಕೇಳುತ್ತೇನೆ, ಗವರ್ನರ್ ಫೋನ್ ಮಾಡಿದರೂ ಎತ್ತುತ್ತೇನೆ. ನವೆಂಬರ್ ಕೊನೆಯ ಶನಿವಾರ ಮಾತ್ರ ನನಗೆ ರಜೆ ಬೇಕು.